ಸ್ಲೋ ಆಗಿದ್ದು ಅಮ್ಮನ ಕೈ ಅಲ್ಲ

ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. 2013ರಲ್ಲಿ ತಗೊಂಡಿದ್ದು. ಥರ್ಡ್ ಜನರೇಷನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆಗ ಬಾಣಸವಾಡಿಯ ನಮ್ಮ ಬೀದಿಯಲ್ಲಿ ಅದೇ ದೊಡ್ಡ ವಿಷಯ. ಈಗ ಅದರ ಮೇಲೆ ಟವೆಲ್ ಹೊದಿಸಿ, ಟವೆಲ್ ಮೇಲೆ ಗಣೇಶನನ್ನು ಕೂರಿಸಿದ್ದಾರೆ.

ಅದು ಷೋಪೀಸ್ ಅಲ್ಲ. ಅಮ್ಮ ಅದರಲ್ಲಿ ಕನ್ನಡ ಟೈಪಿಂಗ್ ಕೆಲಸ ಮಾಡ್ತಾರೆ. ಮದುವೆ ಕಾರ್ಡು, ಗೃಹಪ್ರವೇಶದ ಪತ್ರಿಕೆ, ಬಾಡಿಗೆ ಕರಾರು, ಬಡಾವಣೆ ಸಂಘದ ಅರ್ಜಿಗಳು. ಪುಟಕ್ಕೆ ಇಷ್ಟು ಅಂತ ರೇಟು. ನಾವು ಅಂದರೆ ಇಬ್ಬರು, ಒಬ್ಬರು ಇಂಜಿನಿಯರಿಂಗ್ ಎರಡನೇ ವರ್ಷ, ಇನ್ನೊಬ್ಬಳು ಸೆಕೆಂಡ್ ಪಿಯುಸಿ. ನಮ್ಮ ಬಸ್ ಪಾಸು, ರೆಕಾರ್ಡ್ ಬುಕ್ಕು, ಕೆಲವು ಸಲ ಎಕ್ಸಾಮ್ ಫೀಸೂ ಆ ಕಂಪ್ಯೂಟರಿಂದಲೇ ಬಂದಿವೆ.

ಒಂದು ವರ್ಷದಿಂದ ಅದು ಸ್ಲೋ. ಅಮ್ಮ ಸ್ವಿಚ್ ಹಾಕಿ, ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬರೋರು. ಆಗಲೂ ಚಕ್ರ ತಿರುಗುತ್ತಾ ಇರೋದು. ಒಂದು ಸಾಲು ಟೈಪ್ ಮಾಡಿದರೆ ಅಕ್ಷರಗಳು ನಿಧಾನಕ್ಕೆ, ಒಂದೊಂದಾಗಿ ಬರೋವು. ಒಂದು ದಿನ ಅಮ್ಮ ತಮಗೆ ತಾವೇ ಹೇಳಿಕೊಂಡರು: "ನನ್ನ ಕೈಯೇ ಸ್ಲೋ ಆಯ್ತೇನೋ. ವಯಸ್ಸಾಯ್ತು." ನಾವು ಕೇಳಿಸಿಕೊಂಡೆವು, ಫೋನ್ ನೋಡುತ್ತಾ ಸುಮ್ಮನಾದೆವು.

ಆಮೇಲೆ ದಸರಾ ರಜೆ ಬಂತು. ಇಂಜಿನಿಯರಿಂಗ್ ಓದುವವರು ಮನೆಯಲ್ಲಿದ್ದೂ ಕಂಪ್ಯೂಟರ್ ರಿಪೇರಿ ಆಗಲ್ಲ ಅಂದ್ರೆ ಹೇಗೆ?

ನಾವು ಮಾಡಿದ್ದು ಎಲ್ಲರೂ ಮಾಡೋದೇ. ವಿಡಿಯೊ ನೋಡಿ ಒಂದು ಕ್ಲೀನರ್ ಸಾಫ್ಟ್‌ವೇರ್ ಹಾಕಿದೆವು. ಅದು ಸಾವಿರಾರು ಎರರ್ ತೋರಿಸಿತು, ಎಲ್ಲ ಸರಿ ಮಾಡಿದೆ ಅಂತಲೂ ಹೇಳಿತು. ವ್ಯತ್ಯಾಸ ಏನೂ ಆಗಲಿಲ್ಲ. ಆಮೇಲೆ ಫೈಲುಗಳನ್ನು ಅಳಿಸೋಕೆ ಕೂತೆವು. ಡಿ ಡ್ರೈವಲ್ಲಿ ಒಂದು ದೊಡ್ಡ ಫೋಲ್ಡರ್ ಇತ್ತು, ಒಳಗೆ ನೂರಾರು ವರ್ಡ್ ಫೈಲು. ಆ ಕಂಪ್ಯೂಟರಲ್ಲಿ ವರ್ಡ್ ತೆರೆಯೋಕೆ ನಾಲ್ಕು ನಿಮಿಷ. ಯಾರು ಕಾಯ್ತಾರೆ? ಮೂರು ಫೈಲನ್ನ ಪೆನ್‌ಡ್ರೈವಿಗೆ ಹಾಕಿ ನಮ್ಮ ಕಾಲೇಜ್ ಲ್ಯಾಪ್‌ಟಾಪಲ್ಲಿ ತೆರೆದೆವು. ಮೂರರಲ್ಲೂ ಬರೀ ಕಸ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಇರೋ ಎ. "ಕರಪ್ಟ್ ಆಗಿದೆ" ಅಂತ ತೀರ್ಮಾನಿಸಿ ಇಡೀ ಫೋಲ್ಡರಿಗೆ ಶಿಫ್ಟ್ ಡಿಲೀಟ್ ಕೊಟ್ಟೆವು.

ಸಂಜೆ ಅಮ್ಮ ಬಂದು ಕೂತರು. ಸ್ವಲ್ಪ ಹೊತ್ತು ಹುಡುಕಿದರು.

"ನನ್ನ ಹಳೇ ಕೆಲಸದ ಫೋಲ್ಡರ್ ಎಲ್ಲಿ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವು ಕಸ ಆಗಿರಲಿಲ್ಲ. ನುಡಿಯ ಹಳೆಯ ಫಾಂಟಲ್ಲಿ ಟೈಪ್ ಮಾಡಿದ ಹನ್ನೆರಡು ವರ್ಷದ ಕೆಲಸ ಅದು. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿದ್ದವು. ಪಿ ಇರುವ ಜಾಗದಲ್ಲಿ 'ಕ', ಪೌಂಡ್ ಚಿಹ್ನೆ ಇರುವ ಜಾಗದಲ್ಲಿ 'ನ'. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡಲ್ಲಿ ಹಾಗಲ್ಲ, 'ಕ'ಗೆ ಅದರದ್ದೇ ಸಂಖ್ಯೆ ಇದೆ, 3221. ಯಾವ ಮೆಷಿನ್ನಲ್ಲಿ ತೆರೆದರೂ ಅದು 'ಕ'ನೇ. ನಮ್ಮ ಲ್ಯಾಪ್‌ಟಾಪಲ್ಲಿ ನುಡಿ ಫಾಂಟ್ ಇರಲಿಲ್ಲ. ಇರಬೇಕು ಅಂತ ನಮಗೆ ಯಾವತ್ತೂ ಅನ್ನಿಸಿರಲೂ ಇಲ್ಲ.

ಅಮ್ಮ ಬೈಯಲಿಲ್ಲ. "ಸಂಘದವರು ಹೋದ ವರ್ಷದ ಅರ್ಜಿ ಕೇಳ್ತಿದ್ರು" ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆವತ್ತು ನಾವು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅಂದರೆ ತಕ್ಷಣ ಕಂಪ್ಯೂಟರ್ ಆಫ್ ಮಾಡಿದ್ದು. ಹಾರ್ಡ್ ಡಿಸ್ಕಲ್ಲಿ ಡಿಲೀಟ್ ಕೊಟ್ಟರೆ ಫೈಲ್ ಆ ಕ್ಷಣಕ್ಕೆ ಹೋಗಲ್ಲ. ಈ ಜಾಗ ಖಾಲಿ ಅಂತ ಗುರುತು ಬೀಳುತ್ತೆ. ಅದರ ಮೇಲೆ ಬೇರೇನಾದರೂ ಬರೆಯುವ ತನಕ ಡೇಟಾ ಅಲ್ಲೇ ಇರುತ್ತೆ. ಸೀನಿಯರ್ ಒಬ್ಬರ ಹತ್ತಿರ ಸಾಟಾದಿಂದ ಯುಎಸ್‌ಬಿಗೆ ಹಾಕುವ ಕೇಬಲ್ಲು, ಪವರ್ ಅಡಾಪ್ಟರ್ ತಂದು, ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿ, ಫೋಟೊರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿದೆವು. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಬರೆಯಬಾರದು, ಬೇರೆ ಕಡೆ ಉಳಿಸಬೇಕು. ರಾತ್ರಿಯಿಡೀ ಓಡಿತು.

ಬೆಳಿಗ್ಗೆ 1,140 ಫೈಲು ಬಂದಿದ್ದವು. ಆದರೆ ಒಂದಕ್ಕೂ ಹೆಸರಿಲ್ಲ. ಫೋಟೊರೆಕ್ ಹೆಸರನ್ನು ನೋಡದೆ, ಫೈಲಿನ ಒಳಗಿನ ಗುರುತಿಂದ ಹುಡುಕುತ್ತೆ. ಹಾಗಾಗಿ ಒಂದೊಂದನ್ನೂ ತೆರೆದು, ಓದಿ, ಹೆಸರು ಇಡಬೇಕು.

ನಾವೇ ಮಾಡ್ತೀವಿ ಅಂತ ಕೂತೆವು. ಇಂಗ್ಲಿಷ್ ಮೀಡಿಯಂ ಅಂದರೆ ಏನು ಅಂತ ಆವತ್ತು ಗೊತ್ತಾಯ್ತು. ಒಂದು ಪುಟ ಓದಿ ಇದು ಯಾವ ಅರ್ಜಿ ಅಂತ ಹೇಳೋಕೆ ನಮಗೆ ಐದು ನಿಮಿಷ. 'ಶುದ್ಧ ಕ್ರಯಪತ್ರ' ಅನ್ನೋದನ್ನ ಅಕ್ಷರ ಕೂಡಿಸಿ ಓದಿದೆವು, ಅರ್ಥ ಗೊತ್ತಾಗಲಿಲ್ಲ. ಅಮ್ಮ ಪಕ್ಕದಲ್ಲಿ ಬಂದು ಕೂತರು. ಮೊದಲ ಸಾಲು ನೋಡಿದ ತಕ್ಷಣ ಹೇಳೋರು: "ಇದು ಕಮ್ಮನಹಳ್ಳಿ ಮದುವೆ. ಇದು ಕೆಳಗಿನ ಮನೆ ಕರಾರು. ಇದು ಬೋರ್‌ವೆಲ್ ಅರ್ಜಿ." ಅವರು ಹೇಳಿದ್ದನ್ನು ನಾವು ಬರೆದೆವು. ಹತ್ತು ರಾತ್ರಿ ಹಿಡಿಯಿತು. ಅಮ್ಮನ ಕೈಯಾಗಲಿ ಕಣ್ಣಾಗಲಿ ಒಂದು ಕ್ಷಣವೂ ಸ್ಲೋ ಅನ್ನಿಸಲಿಲ್ಲ.

ಅದಾದ ಮೇಲೆ ಡಿಸ್ಕ್ ವಾಪಸ್ ಹಾಕಿ, ಈ ಸಲ ಏನನ್ನೂ ಅಳಿಸದೆ, ಬರೀ ನೋಡಿದೆವು. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಇದು. ಟಾಸ್ಕ್ ಮ್ಯಾನೇಜರಲ್ಲಿ ಸಿಪಿಯು 20% ಕೂಡ ಇಲ್ಲ. ಮೆಮೊರಿ 92%, ಡಿಸ್ಕ್ 100%. ಪ್ರೊಸೆಸರ್ ಕೆಲಸ ಇಲ್ಲದೆ ಕೂತು ಡಿಸ್ಕಿಗೆ ಕಾಯ್ತಾ ಇತ್ತು.

ಇದಕ್ಕೆ ಹೆಸರಿದೆ, ಥ್ರ್ಯಾಶಿಂಗ್. ಆಪರೇಟಿಂಗ್ ಸಿಸ್ಟಮ್ಸ್ ಇಂಟರ್ನಲ್ಸಲ್ಲಿ ಇದರ ಬಗ್ಗೆ ಬರೆದು ಮಾರ್ಕ್ಸೂ ತಗೊಂಡಿದ್ದೆವು. ಓಡುತ್ತಿರುವ ಪ್ರೋಗ್ರಾಮುಗಳಿಗೆ ರ‍್ಯಾಮ್ ಸಾಲದಿದ್ದರೆ ಸಿಸ್ಟಮ್ ಕೆಲವು ಪೇಜುಗಳನ್ನು ಡಿಸ್ಕಿಗೆ ಹಾಕುತ್ತೆ, ಮತ್ತೆ ಬೇಕಾದಾಗ ತರುತ್ತೆ. ಕೊನೆಗೆ ಹಾಕೋದು ತರೋದೇ ಕೆಲಸ ಆಗಿಬಿಡುತ್ತೆ. ರ‍್ಯಾಮಿಂದ ಓದೋಕೆ ಸುಮಾರು 100 ನ್ಯಾನೊಸೆಕೆಂಡ್. 7,200 ಆರ್‌ಪಿಎಂ ಡಿಸ್ಕಲ್ಲಿ ಹೆಡ್ ಸರಿದು, ತಟ್ಟೆ ತಿರುಗಿ ಡೇಟಾ ಸಿಗೋಕೆ ಸುಮಾರು 10 ಮಿಲಿಸೆಕೆಂಡ್. ಅಂದರೆ ಒಂದು ಲಕ್ಷ ಪಟ್ಟು. ರ‍್ಯಾಮಿಗೆ ಒಂದು ಸೆಕೆಂಡ್ ಅಂತ ಇಟ್ಟುಕೊಂಡರೆ ಡಿಸ್ಕಿಗೆ ಒಂದು ದಿನಕ್ಕಿಂತ ಜಾಸ್ತಿ. ಪರೀಕ್ಷೆಯಲ್ಲಿ ಬರೆದದ್ದೇ ಮನೆಯ ಹಾಲಲ್ಲಿ ನಡೀತಿತ್ತು, ನಮಗೆ ಗುರುತೇ ಸಿಗಲಿಲ್ಲ.

ಮೆಮೊರಿ ತಿಂತಿದ್ದದ್ದು ಯಾರು? ನುಡಿ ಅಲ್ಲ, ಅದಕ್ಕೆ ಬೇಕಾಗಿದ್ದು ಚೂರೇ ಚೂರು. ಸ್ಟಾರ್ಟಪ್ ಪಟ್ಟಿ ತೆರೆದರೆ ಎರಡು ಗೇಮ್ ಲಾಂಚರ್, ಒಂದು ಟೊರೆಂಟ್, ಎರಡು ಆಂಟಿವೈರಸ್, ಜೊತೆಗೆ ಹೊಸ ಕ್ಲೀನರ್. ಎಲ್ಲವೂ ಲಾಕ್‌ಡೌನಿಂದ ಇಲ್ಲಿವರೆಗೆ ನಾವೇ ಹಾಕಿದ್ದು. ಅಮ್ಮ ಹಾಕಿದ್ದು ಒಂದೂ ಇರಲಿಲ್ಲ. ಸಾಲದ್ದಕ್ಕೆ ಡಿಸ್ಕಿನ ಸ್ಮಾರ್ಟ್ ರಿಪೋರ್ಟಲ್ಲಿ ಕೆಟ್ಟ ಸೆಕ್ಟರುಗಳೂ ಕಂಡವು. ಅಂಥ ಸೆಕ್ಟರನ್ನು ಡಿಸ್ಕ್ ಮತ್ತೆ ಮತ್ತೆ ಓದೋಕೆ ಪ್ರಯತ್ನಿಸುತ್ತೆ, ಅಲ್ಲೂ ಹೊತ್ತು ಹೋಗುತ್ತೆ. ಫೈಲ್ ಅಳಿಸೋದಕ್ಕೂ ಈ ಕಾಯಿಲೆಗೂ ಸಂಬಂಧವೇ ಇರಲಿಲ್ಲ.

ಮಾರನೇ ದಿನ ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಲ್ಲಿ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆವು. ಒಂದು ಅಂಗಡಿಯವರು "ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ" ಅಂದರು. ಅವರ ಮಾತಲ್ಲೂ ಸತ್ಯ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ ಮುಗಿಯಿತು, ನಮ್ಮ ಐ3 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಆದರೆ ಹೊಸದಕ್ಕೆ ಕೊಡೋಕೆ ನಮ್ಮ ಹತ್ತಿರ ದುಡ್ಡಿರಲಿಲ್ಲ. 240 ಜಿಬಿ ಎಸ್‌ಎಸ್‌ಡಿ, ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 ರ‍್ಯಾಮ್, ಮದರ್‌ಬೋರ್ಡಿನ ಬಿಲ್ಲೆ ಸೆಲ್ಲು ತಗೊಂಡೆವು. ನಮ್ಮಿಬ್ಬರ ಉಳಿತಾಯ ಸರಿಯಾಗಿ ಖಾಲಿ.

ಈಗ ಅದು 40 ಸೆಕೆಂಡಲ್ಲಿ ಆನ್ ಆಗುತ್ತೆ. ಟೈಪಿಂಗ್ ಮಾಡುವಾಗ ಇಂಟರ್ನೆಟ್ ಕೇಬಲ್ ತೆಗೆದಿಡ್ತೀವಿ. ಹಳೇ ಫೈಲುಗಳನ್ನು ಕನ್ವರ್ಟರಲ್ಲಿ ಯೂನಿಕೋಡ್ ಮಾಡಿ ಎರಡು ಕಡೆ ಇಟ್ಟಿದ್ದೀವಿ. ಸುಮಾರು ನೂರೈವತ್ತು ಫೈಲು ಸಿಗಲೇ ಇಲ್ಲ. ಸಂಘದ ಅರ್ಜಿ ಅದರಲ್ಲೇ ಒಂದು, ಅಮ್ಮ ಅದನ್ನು ಹೊಸದಾಗಿ ಟೈಪ್ ಮಾಡಿಕೊಟ್ಟರು, ದುಡ್ಡು ತಗೊಳ್ಳದೆ.

ನಿಮ್ಮ ಮನೆಯ ಕಂಪ್ಯೂಟರೂ ಸ್ಲೋ ಆಗಿದ್ದರೆ ಮೊದಲು ಬ್ಯಾಕಪ್ ಮಾಡಿ, ಆಮೇಲೆ ಟಾಸ್ಕ್ ಮ್ಯಾನೇಜರ್ ನೋಡಿ. ಅದಕ್ಕೂ ಮುಂಚೆ, ದಿನಾ ಅದರ ಮುಂದೆ ಕೂರುವವರನ್ನು ಒಂದು ಮಾತು ಕೇಳಿ.

ಈ ಲೇಖನವನ್ನು ಅದೇ ಕಂಪ್ಯೂಟರಲ್ಲಿ, ಅಮ್ಮನ ಹತ್ತಿರ ಕಲಿತು, ನಾವೇ ಟೈಪ್ ಮಾಡಿದ್ದು. ನಾಲ್ಕು ದಿನ ಆಯ್ತು. ಈಗ ಮನೆಯಲ್ಲಿ ಸ್ಲೋ ಇರೋದು ನಾವಿಬ್ಬರೇ.