ಬಾಕ್ಸಿನ ಮೇಲಿನ ವ್ಯಾಟ್, ವೈರಿನೊಳಗಿನ ಆಂಪಿಯರ್

ರಾಣೇಬೆನ್ನೂರಿನಲ್ಲಿ ಮನೆ ಕಟ್ಟಿಸುವವರು ಈಗ ಬರೀ ನಕ್ಷೆ ನೋಡಿ ಒಪ್ಪುವುದಿಲ್ಲ. ತ್ರೀಡಿ ಎಲಿವೇಶನ್ ಬೇಕು, ಜೊತೆಗೆ ತಲೆಬಾಗಿಲಿನಿಂದ ದೇವರ ಕೋಣೆಯವರೆಗೆ ನಡೆದು ಹೋದಂತೆ ಕಾಣುವ ವಿಡಿಯೊನೂ ಬೇಕು. ಅದೇ ನನ್ನ ಕೆಲಸ. ಒಂದು ಸೆಕೆಂಡಿಗೆ 25 ಚಿತ್ರದಂತೆ ಎರಡು ನಿಮಿಷದ ವಿಡಿಯೊಗೆ 3,000 ಚಿತ್ರ. ಬೆಳಕು ಗೋಡೆಗೆ ಬಡಿದು, ಗ್ರಾನೈಟಿನಲ್ಲಿ ಹೊಳೆದು, ಗಾಜಿನಿಂದ ಹೊರಬೀಳುವ ಲೆಕ್ಕವನ್ನು ಒಂದೊಂದು ಚಿತ್ರಕ್ಕೂ ಗ್ರಾಫಿಕ್ಸ್ ಕಾರ್ಡ್ ಮಾಡಬೇಕು. ಚಿತ್ರಕ್ಕೆ ಮೂರು ನಿಮಿಷ ಹಿಡಿದರೆ 150 ಗಂಟೆ. ಆರ್‌ಟಿಎಕ್ಸ್ 3060 ಒಂದನ್ನೇ ಇಟ್ಟುಕೊಂಡಿದ್ದ ನನಗೆ ಆ ಗಂಟೆಗಳೇ ಶತ್ರು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹೊಸ ಕೋಲ್ಡ್ ಸ್ಟೋರೇಜ್ ಕಟ್ಟಿಸುವವರಿದ್ದರು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣದಿಂದ. ಶಾಖ ತಾಗಿದರೆ ಬಣ್ಣ ಮಾಸುತ್ತದೆ, ಹಾಗಾಗಿ ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದಿವೆ. ಸಾಲದ ಅರ್ಜಿಯ ಜೊತೆ ಬ್ಯಾಂಕಿನವರಿಗೆ ತೋರಿಸಲು ಅವರಿಗೆ ಕಟ್ಟಡದ ವಿಡಿಯೊ ಬೇಕಿತ್ತು, ಕೊಡಬೇಕಾದ ದಿನವೂ ನಿಗದಿಯಾಗಿತ್ತು. ನಾನು ಒಪ್ಪಿಕೊಂಡು ಎರಡು ಹಳೆಯ ಆರ್‌ಟಿಎಕ್ಸ್ 3090 ತಂದೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ತನ್ನ ಪದ್ಧತಿ ಬದಲಿಸಿ, ಕಾರ್ಡುಗಳಿಂದ ಅದರ ಮೈನಿಂಗ್ ಮಾಡುವುದು ನಿಂತ ಮೇಲೆ ಇಂಥ ಕಾರ್ಡುಗಳು ಕಡಿಮೆ ದುಡ್ಡಿಗೆ ಸಿಗುತ್ತಿದ್ದವು.

ಒಂದು 3090ಕ್ಕೆ 350 ವ್ಯಾಟ್, 3060ಕ್ಕೆ 170. ಪ್ರೊಸೆಸರ್, ಫ್ಯಾನು, ಡಿಸ್ಕಿಗೆ ನೂರೈವತ್ತು. ಒಟ್ಟು 1,020. ಕಂಪ್ಯೂಟರಿಗೆ ವಿದ್ಯುತ್ ಕೊಡಲು ನನ್ನಲ್ಲಿದ್ದದ್ದು 650 ವ್ಯಾಟಿನ ಎಸ್‌ಎಂಪಿಎಸ್. ಅದರ ಪಕ್ಕ 850ರ ಇನ್ನೊಂದನ್ನು ಇಟ್ಟು, ಎರಡೂ ಒಟ್ಟಿಗೆ ಆನ್ ಆಗುವ ಹಾಗೆ ಜೋಡಿಸಿದೆ. ಕೂಡಿದರೆ 1,500. ಬೇಕಾದದ್ದಕ್ಕಿಂತ ಸುಮಾರು ಐದುನೂರು ಹೆಚ್ಚೇ ಇದೆ ಎಂದು ನಿಶ್ಚಿಂತನಾದೆ. ಬೋರ್ಡಿನ ಮೇಲೆ ಮೂರು ಕಾರ್ಡಿಗೆ ಜಾಗವಿರಲಿಲ್ಲ. ಎರಡನೆಯ 3090ವನ್ನು ಕಬ್ಬಿಣದ ಪಟ್ಟಿಗೆ ನೇತುಹಾಕಿ, ದೂರದ ಕಾರ್ಡನ್ನು ಬೋರ್ಡಿಗೆ ಜೋಡಿಸುವ ರೈಸರ್ ಮೂಲಕ ಸೇರಿಸಿದೆ.

ಕಾರ್ಡು ಎಂಟು ಪಿನ್ನಿನ ಕೇಬಲ್ಲಿನಿಂದ ಮಾತ್ರ ವಿದ್ಯುತ್ ತೆಗೆದುಕೊಳ್ಳುವುದಿಲ್ಲ. ಕೂತ ಸ್ಲಾಟಿನಿಂದಲೂ 75 ವ್ಯಾಟಿನವರೆಗೆ ತೆಗೆದುಕೊಳ್ಳಬಹುದು. ನಾನು ತಂದಂಥ ರೈಸರ್ ಹಾಕಿದಾಗ ಸ್ಲಾಟಿನ ಆ ಪಾಲನ್ನು ರೈಸರಿಗೆ ಹೋಗುವ ವೈರೇ ಕೊಡಬೇಕು. ನಾನು ಅದಕ್ಕೆ ಕೊಟ್ಟದ್ದು ರೈಸರಿನ ಚೀಲದಲ್ಲೇ ಬಂದಿದ್ದ ಸಾಟಾ ಅಡಾಪ್ಟರ್. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿನ ಪಿನ್ನುಗಳು ಮೂರು, ಒಂದೊಂದರ ಮಿತಿ ಒಂದೂವರೆ ಆಂಪಿಯರ್. ಅಂದರೆ ಹೆಚ್ಚೆಂದರೆ 54 ವ್ಯಾಟ್. ಹಾರ್ಡ್ ಡಿಸ್ಕಿಗೆ ಧಾರಾಳ, ಈ ಕೆಲಸಕ್ಕಲ್ಲ. ಸಾಲದ್ದಕ್ಕೆ ಆ ಕಾರ್ಡಿನ ಎಂಟು ಪಿನ್ನಿನ ಕೇಬಲ್ ಹೊಸ ಎಸ್‌ಎಂಪಿಎಸ್‌ನಿಂದ, ರೈಸರಿನ ವೈರು ಹಳೆಯದರಿಂದ. ಒಂದು ಕಾರ್ಡಿಗೂ ಅದರ ರೈಸರಿಗೂ ಒಂದೇ ಎಸ್‌ಎಂಪಿಎಸ್‌ನಿಂದ ವಿದ್ಯುತ್ ಹೋಗಬೇಕು. ಇವೆರಡನ್ನೂ ತಿಳಿಯದೆ ಕೆಲಸ ಶುರುಮಾಡಿದೆ.

ಮೊದಲ ಸಂಜೆಯೇ ಹೊಸ ಎಸ್‌ಎಂಪಿಎಸ್ ಒಮ್ಮೆ ತಾನಾಗಿ ಆಫ್ ಆಯಿತು. ಪ್ಲಗ್ ಸರಿಯಾಗಿ ಕೂತಿಲ್ಲ ಅಂದುಕೊಂಡು ಒತ್ತಿ ಕೂರಿಸಿ ಮನೆಗೆ ಹೋದೆ. ನಡುರಾತ್ರಿ ಫೋನ್ ಬಂತು. ನಮ್ಮಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಅಂಗಡಿಯಲ್ಲೇ ಮಲಗಿದ್ದ. ಸುಟ್ಟ ವಾಸನೆಗೆ ಎದ್ದು ಗೋಡೆಯ ಸ್ವಿಚ್ ಆರಿಸಿದ್ದ. ಸುತ್ತ ಥರ್ಮೋಕೋಲಿನ ಮನೆ ಮಾದರಿಗಳು. ಸಾಟಾ ಪ್ಲಗ್ಗಿನ ಕಪ್ಪು ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಹತ್ತಿಕೊಂಡಿತ್ತು, ಹಳದಿ ವೈರಿನ ತುದಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಗೋಡೆಯ ಬಳಿಯ ಎಕ್ಸ್‌ಟೆನ್ಶನ್ ಬೋರ್ಡೂ ಕೈ ಇಡಲಾಗದಷ್ಟು ಬಿಸಿ. ಆ 3090 ಮತ್ತೆ ಜೀವ ಹಿಡಿಯಲಿಲ್ಲ. ಹುಡುಗನಿಗೆ ಎಚ್ಚರವಾಗದಿದ್ದರೆ ಎಂಬ ಯೋಚನೆ ಇಂದಿಗೂ ನನ್ನನ್ನು ನಡುಗಿಸುತ್ತದೆ. ಅವನ ತಂದೆ ತಾಯಿ ನನ್ನ ಮೇಲೆ ನಂಬಿಕೆಯಿಟ್ಟು ಅವನನ್ನು ಕಳಿಸಿದ್ದರು.

ವಿಡಿಯೊ ಆಗುವುದಿಲ್ಲ ಎಂದು ಎದುರಿಗೇ ಹೇಳಬೇಕಿತ್ತು. ಬ್ಯಾಡಗಿಗೆ ಹೋದೆ. ವ್ಯಾಪಾರಿಗಳು ಬೈಯಲಿಲ್ಲ, ಕಾಗದದ ನಕ್ಷೆಗಳನ್ನೇ ಮಡಚಿಕೊಂಡು ಬ್ಯಾಂಕಿಗೆ ಹೊರಟರು. ಅವರ ಹಳೆಯ ಕೋಲ್ಡ್ ಸ್ಟೋರೇಜಿನ ಎಲೆಕ್ಟ್ರಿಷಿಯನ್ ಕಾಕಾ ಮಾತ್ರ ನನ್ನ ಕೈಯಲ್ಲಿದ್ದ ಕರಗಿದ ಪ್ಲಗ್ಗನ್ನು ಇಸಿದುಕೊಂಡು ಕೇಳಿದರು: "ಇದು ಎಷ್ಟು ಆಂಪಿಯರ್ ಜಗ್ಗತೈತೋ ತಮ್ಮಾ?"

ವ್ಯಾಟ್ ಹೇಳಿದೆ.

"ವ್ಯಾಟ್ ಬಾಕ್ಸಿನ ಮ್ಯಾಲ ಬರದಿರತಾರ. ವಾಯರ್ ಸುಡೂದು ಆಂಪಿಯರಿಗೆ. ಅದನ್ನ ಹೇಳು."

ನನಗೆ ಗೊತ್ತಿರಲಿಲ್ಲ. ಕಂಪ್ರೆಸರ್ ಕೋಣೆಗೆ ಕರೆದೊಯ್ದು, ಕೇಬಲ್ಲಿಗೆ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ತೋರಿಸಿದರು. ದೊಡ್ಡ ಮೋಟಾರನ್ನು ನೇರವಾಗಿ ಚಾಲೂ ಮಾಡಿದರೆ ಓಡುವಾಗಿನ ಐದಾರು ಪಟ್ಟು ಕರೆಂಟನ್ನು ಆರಂಭದಲ್ಲಿ ಜಗ್ಗುತ್ತದೆ. ಅದಕ್ಕೇ ಸ್ಟಾರ್-ಡೆಲ್ಟಾ ಸ್ಟಾರ್ಟರ್. "ಓಡೂವಾಗಿನ ಲೆಕ್ಕ ಬ್ಯಾರೆ, ಜಗ್ಗೂವಾಗಿನ ಲೆಕ್ಕ ಬ್ಯಾರೆ" ಎಂದರು. ಆಫ್ ಆದ ಎಸ್‌ಎಂಪಿಎಸ್ ಆಗ ಅರ್ಥವಾಯಿತು. 350 ವ್ಯಾಟ್ ಎಂಬುದು ಸರಾಸರಿ. ಕೆಲವೇ ಮಿಲಿಸೆಕೆಂಡು 3090 ಅದಕ್ಕಿಂತ ಬಹಳ ಮೇಲೆ ಹಾರುತ್ತದೆ. ಎರಡೂ 3090 ಒಟ್ಟಿಗೆ ಹಾರಿದರೆ ಅವನ್ನು ಹೊತ್ತ 850ರ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುತ್ತದೆ. ಕೆಟ್ಟು ನಿಂತದ್ದಲ್ಲ, ಎಚ್ಚರಿಸಿ ನಿಂತದ್ದು.

ಗೋಡೆಯ ಕಡೆಯ ಲೆಕ್ಕವನ್ನು ಅಲ್ಲೇ ಕೂತು ಮಾಡಿದೆವು. 1,020 ವ್ಯಾಟ್ ಹೊರಗೆ ಬರಬೇಕಾದರೆ ಒಳಗೆ ಸುಮಾರು 1,160 ಹೋಗಬೇಕು. 230 ವೋಲ್ಟಿದ್ದರೆ ಐದು ಆಂಪಿಯರ್. ಆದರೆ ನನ್ನ ಅಂಗಡಿ ಊರ ಅಂಚಿನಲ್ಲಿದೆ. ಬೇಸಿಗೆಯಲ್ಲಿ ಬೋರ್‌ವೆಲ್ ಪಂಪುಗಳು ಓಡುವ ಹೊತ್ತಿಗೆ ವೋಲ್ಟೇಜ್ 180ಕ್ಕೆ ಇಳಿಯುವುದುಂಟು. ಹಳೆಯ ಬುರುಡೆ ಬಲ್ಬಾದರೆ ಮಂಕಾಗಿ ಸುಮ್ಮನಿರುತ್ತದೆ. ಎಸ್‌ಎಂಪಿಎಸ್ ಹಾಗಲ್ಲ: ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ವ್ಯಾಟಿಗಾಗಿ ಹೆಚ್ಚು ಕರೆಂಟ್ ಜಗ್ಗುತ್ತದೆ. 180ರಲ್ಲಿ ಸುಮಾರು ಆರೂವರೆ. ನನ್ನ ಸಾಕೆಟ್ ಆರು ಆಂಪಿಯರಿನದು, ಅದರ ಮೇಲೆ ಎಸಿಯಿಲ್ಲದ ಕೋಣೆ, ಸಡಿಲವಾದ ಎಕ್ಸ್‌ಟೆನ್ಶನ್ ಬೋರ್ಡ್.

ಕಾಕಾ ಒಂದು ಭಾನುವಾರ ಬಂದು ಮೀಟರ್ ಬೋರ್ಡಿನಿಂದ ನಾಲ್ಕು ಚದರ ಎಂಎಂ ತಾಮ್ರದ ವೈರ್ ಎಳೆದು, 16 ಆಂಪಿಯರಿನ ಸಾಕೆಟ್ಟಿಗೆ ಬೇರೆಯೇ ಎಂಸಿಬಿ ಹಾಕಿಕೊಟ್ಟರು. ಒಣಗಿದ್ದ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯಿಸಿದರು. ನಾನು ಇನ್ನೊಂದು 3090 ತಂದೆ, ರೈಸರ್ ಬಿಟ್ಟೆ, 3060 ತೆಗೆದೆ. ಅದನ್ನು ಉಳಿಸಿಕೊಂಡಿದ್ದೇ ದಂಡ: ನನ್ನಂಥ ಜೋಡಣೆಯಲ್ಲಿ 24, 24, 12 ಜಿಬಿ ಮೆಮೊರಿ ಕೂಡಿ 60 ಆಗುವುದಿಲ್ಲ. ಇಡೀ ದೃಶ್ಯ ಪ್ರತಿ ಕಾರ್ಡಿನೊಳಗೂ ಹಿಡಿಸಬೇಕು, ಕೋಲ್ಡ್ ಸ್ಟೋರೇಜಿನ ದೃಶ್ಯ 12ರಲ್ಲಿ ಹಿಡಿಸುವಂಥದ್ದಲ್ಲ. ಎರಡು ಎಸ್‌ಎಂಪಿಎಸ್ ಬದಲು ಎಟಿಎಕ್ಸ್ 3.0 ನಿಯಮದ 1,000 ವ್ಯಾಟಿನ ಒಂದೇ ಒಂದು. ಪ್ರತಿ ಕಾರ್ಡಿಗೆ ಎರಡು ಬೇರೆ ಬೇರೆ ಕೇಬಲ್; ಒಂದೇ ಕೇಬಲ್ಲಿನ ಎರಡು ತಲೆಗಳಲ್ಲ. ಒಂದೇ ಕೇಬಲ್ ಬಳಸಿದರೆ ಅದರ 12 ವೋಲ್ಟಿನ ಮೂರು ವೈರುಗಳ ಮೇಲೆ 300 ವ್ಯಾಟ್, ಅಂದರೆ 25 ಆಂಪಿಯರ್ ಬೀಳುತ್ತದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಪ್ರತಿ ಕಾರ್ಡಿನ ಮಿತಿಯನ್ನು 350ರಿಂದ 250ಕ್ಕೆ ಇಳಿಸಿದೆ. ಚಿತ್ರಕ್ಕೆ ಹಿಡಿಯುವ ಸಮಯ ತುಸು ಏರಿತು, ಕೋಣೆಯ ಕಾವು ಬಹಳ ಇಳಿಯಿತು. ರಾತ್ರಿ ಅಂಗಡಿಯಲ್ಲಿ ಈಗ ಯಾರೂ ಮಲಗುವುದಿಲ್ಲ.

ಮೊನ್ನೆ ಹಾವೇರಿಯಿಂದ ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗನೊಬ್ಬ ಫೋನ್ ಮಾಡಿದ್ದ, ಎರಡನೆಯ ಕಾರ್ಡ್ ಹಾಕುತ್ತೇನೆ, ಯಾವ ಎಸ್‌ಎಂಪಿಎಸ್ ತರಲಿ ಎಂದು. ಮೊದಲು ಗೋಡೆಯ ಸಾಕೆಟ್ಟಿನ ಫೋಟೊ ಕಳಿಸು ಅಂದೆ. ಆರು ಆಂಪಿಯರಿನದು, ಒಂದು ಮೂಲೆ ಕಂದಿದೆ. ಹೊಸ ಲೈನ್ ಎಳೆಸುವವರೆಗೆ ಒಂದೇ ಕಾರ್ಡಿನಲ್ಲಿ ಕೆಲಸ ಮಾಡು ಎಂದಿದ್ದೇನೆ, ಕಾಕಾನ ನಂಬರನ್ನೂ ಕೊಟ್ಟಿದ್ದೇನೆ.