ಲ್ಯಾಪ್‌ಟಾಪಿಗೆ ಜ್ವರ ಬಂದಾಗ

ಒಂದು ರಾತ್ರಿ ಹನ್ನೊಂದು ಗಂಟೆಗೆ ಊರಿಂದ ತಂಗಿ ಫೋನ್ ಮಾಡಿದ್ಲು. "ಅಣ್ಣಾ, ಮತ್ತೆ ಆಫ್ ಆಯ್ತು. ಈ ಸಲ ಸೇವ್ ಕೂಡ ಮಾಡಿರ್ಲಿಲ್ಲ." ಇನ್ನೇನು ಅಳು ಬರೋ ದನಿ. ಅವಳ ಫೈನಲ್ ಇಯರ್ ಪ್ರಾಜೆಕ್ಟ್ ಡೆಮೋಗೆ ಒಂಬತ್ತೇ ದಿನ ಉಳಿದಿತ್ತು.

"ಹಳೇದಾಯ್ತು ಬಿಡೇ, ಹೊಸದು ತಗೊಳ್ಳೋಣ" ಅಂದುಬಿಟ್ಟೆ. ಅಷ್ಟರಲ್ಲಿ ಫೋನ್ ಅಪ್ಪನ ಕೈಗೆ ಹೋಯ್ತು. "ಏನಪ್ಪಾ, ಅದು ಸತ್ತೋಯ್ತಾ?" ಅಂತ ಕೇಳಿ ಸುಮ್ಮನಾದ್ರು. 2017ರಲ್ಲಿ ನಾನು ಬಿ.ಇ. ಮೂರನೇ ವರ್ಷದಲ್ಲಿದ್ದಾಗ, ಆ ವರ್ಷದ ಕೊಬ್ಬರಿಯನ್ನ ತಿಪಟೂರಿನ ಮಾರ್ಕೆಟ್ಟಿಗೆ ಹಾಕಿ ಬಂದ ದುಡ್ಡಲ್ಲಿ ಅಪ್ಪ ಕೊಡಿಸಿದ್ದ ಲ್ಯಾಪ್‌ಟಾಪ್ ಅದು. ನನಗೆ ಕೆಲಸ ಸಿಕ್ಕಿದ್ದು ಅದರಲ್ಲಿ ಕಲಿತೇ. ಆಮೇಲೆ ನನಗೆ ಆಫೀಸಿನದು ಬಂತು, ಇದು ತಂಗಿಗೆ ಹೋಯ್ತು. "ಹೊಸದು" ಅಂದಿದ್ದಕ್ಕೆ ನನಗೇ ಒಂಥರಾ ಆಯ್ತು.

ತಂಗಿ ಅದನ್ನ ಒಂದು ರಿಪೇರಿ ಅಂಗಡಿಗೂ ತೋರಿಸಿದ್ದಳಂತೆ. ಮದರ್‌ಬೋರ್ಡ್ ಹೋಗಿದೆ, ಹದಿನೆಂಟು ಸಾವಿರ ಆಗುತ್ತೆ ಅಂದನಂತೆ ಪುಣ್ಯಾತ್ಮ. ಆದರೆ ಹತ್ತು ನಿಮಿಷ ಬಿಟ್ಟು ಆನ್ ಮಾಡಿದ್ರೆ ಏನೂ ಆಗದ ಹಾಗೆ ನಡೆಯುತ್ತೆ ಅಂತ ಇವಳೇ ಹೇಳ್ತಾಳೆ. ಮದರ್‌ಬೋರ್ಡ್ ಹೋಗಿದ್ರೆ ಹೀಗಾಗುತ್ತಾ? ಉಷ್ಣಾಂಶ ತೋರಿಸೋ ಒಂದು ಪ್ರೋಗ್ರಾಂ ಹಾಕಿಸಿ ನೋಡಿದ್ರೆ, ಸುಮ್ಮನೆ ಕೂತಾಗಲೇ 70 ಡಿಗ್ರಿ. ಕೋಡ್ ಕಂಪೈಲ್ ಮಾಡಿದ ಕೂಡಲೇ 98! ಆ ಪ್ರೊಸೆಸರ್‌ನ ಮಿತಿ 100. ಹತ್ತಿರ ಹೋದಾಗ ಅದೇ ವೇಗ ಇಳಿಸಿಕೊಳ್ಳುತ್ತೆ, ಆಗಲೂ ತಣಿಯದಿದ್ರೆ ಸುಟ್ಟುಹೋಗೋ ಬದಲು ಆಫ್ ಆಗುತ್ತೆ. ಅಂದ್ರೆ ಕಾಯಿಲೆ ಬೇರೆ ಕಡೆ ಇತ್ತು.

ಶನಿವಾರ ಬೆಳಿಗ್ಗೆ ಎಸ್.ಪಿ. ರೋಡಿಗೆ ಹೋಗಿ ಒಂದು ಸಣ್ಣ ಟ್ಯೂಬ್ ಥರ್ಮಲ್ ಪೇಸ್ಟ್, ಒರೆಸೋಕೆ ಐಸೋಪ್ರೊಪೈಲ್ ಆಲ್ಕೋಹಾಲ್ ತಗೊಂಡು ಸಂಜೆ ರೈಲು ಹತ್ತಿದೆ. ಇಂಜಿನಿಯರ್ ಅಂತ ಹೆಸರಿಗೆ. ಅದುವರೆಗೆ ಒಂದು ಲ್ಯಾಪ್‌ಟಾಪನ್ನೂ ಬಿಚ್ಚಿದವನಲ್ಲ ನಾನು.

ಭಾನುವಾರ ನಡುಮನೆಯಲ್ಲಿ ಆಪರೇಷನ್ ಶುರು. ಸ್ಕ್ರೂ ಹಾಕೋಕೆ ಅಮ್ಮನ ಹತ್ತಿರ ಸಾಸಿವೆ ಡಬ್ಬಿ ಈಸ್ಕೊಂಡೆ. ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿದೆ. ಫ್ಯಾನ್ ತೆಗೆದರೆ, ಗಾಳಿ ಹೊರಗೆ ಹೋಗೋ ರೆಕ್ಕೆಗಳ ಮುಂದೆ ಬೂದುಬಣ್ಣದ ಕಂಬಳಿ ಹಾಸಿದ ಹಾಗೆ ಧೂಳು ಕೂತಿತ್ತು. ಇವಳು ದಿನಾ ರಜಾಯಿ ಮೇಲೆ ಇಟ್ಟುಕೊಂಡು ಸಿನಿಮಾ ನೋಡೋದರ ಫಲ. ಪ್ರೊಸೆಸರ್ ಮೇಲಿನ ಹಳೇ ಪೇಸ್ಟ್ ಒಣಗಿದ ಸುಣ್ಣದಂತೆ ಪುಡಿಪುಡಿಯಾಗಿ ಬಂತು.

ಆ ಪೇಸ್ಟಿನ ಕೆಲಸ ವಿಚಿತ್ರ. ಪ್ರೊಸೆಸರ್ ಮೇಲೆ ಕೂರೋ ತಾಮ್ರದ ತಗಡು ಕಣ್ಣಿಗೆ ನುಣುಪಾಗಿದ್ರೂ ಅದರಲ್ಲಿ ಸಣ್ಣಸಣ್ಣ ಉಬ್ಬುತಗ್ಗು ಇರುತ್ತೆ, ಸಂದಿಯಲ್ಲಿ ಗಾಳಿ ಸೇರಿಕೊಳ್ಳುತ್ತೆ. ಶಾಖ ಸಾಗಿಸೋದ್ರಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಕೊಟ್ರೆ ಗಾಳಿಗೆ 0.026. ಒಳ್ಳೇ ಪೇಸ್ಟಿಗೂ ಹತ್ತರ ಆಸುಪಾಸು ಅಷ್ಟೇ. ಅಂದ್ರೆ ಪೇಸ್ಟ್ ಗಾಳಿಗಿಂತ ಎಷ್ಟೋ ಮೇಲು, ತಾಮ್ರದ ಮುಂದೆ ಏನೂ ಅಲ್ಲ. ಸಂದಿ ತುಂಬುವಷ್ಟು ಮಾತ್ರ ಸಾಕು, ದೋಸೆಗೆ ತುಪ್ಪ ಸುರಿದ ಹಾಗೆ ಸುರಿಯಬಾರದು. ನಾನು ಬಟಾಣಿ ಕಾಳಿನಷ್ಟು ಹಾಕಿದೆ.

ಎಲ್ಲ ಜೋಡಿಸಿ, ದೇವರಿಗೆ ಕೈ ಮುಗಿದು ಆನ್ ಮಾಡಿದ್ರೆ.. ಒಂದೇ ನಿಮಿಷಕ್ಕೆ 99! ಮೊದಲಿಗಿಂತ ಕೆಟ್ಟದು. ತಂಗಿ ಮಾತಾಡಲಿಲ್ಲ. ಅಪ್ಪ ಪೇಪರ್ ಮಡಚಿಟ್ಟು ತೋಟಕ್ಕೆ ಹೋದ್ರು. ನಿಜ ಹೇಳ್ತೀನಿ, ಪ್ರೊಡಕ್ಷನ್ ಸರ್ವರ್ ಬಿದ್ದಾಗಲೂ ನನ್ನ ಕೈ ಅಷ್ಟು ನಡುಗಿರಲಿಲ್ಲ.

ಮತ್ತೆ ಬಿಚ್ಚಿದೆ. ಪೇಸ್ಟ್ ಒಂದು ಅಂಚಲ್ಲಿ ಮಾತ್ರ ಹರಡಿತ್ತು, ಇನ್ನೊಂದು ಕಡೆ ತಾಮ್ರಕ್ಕೆ ತಾಕಿಯೇ ಇರಲಿಲ್ಲ. ಪಕ್ಕದ ಚಿಪ್‌ಗಳ ಮೇಲಿರೋ ಮೆತ್ತನೆಯ ಥರ್ಮಲ್ ಪ್ಯಾಡುಗಳಲ್ಲಿ ಒಂದು ಜಾರಿ ಮಡಚಿಕೊಂಡು ತಗಡನ್ನೇ ಎತ್ತಿಹಿಡಿದಿತ್ತು. ಅಮ್ಮ ಬಗ್ಗಿ ನೋಡಿ, "ಒಲೆ ಮೇಲೆ ಕಾವಲಿ ಓರೆ ಕೂತ್ರೆ ದೋಸೆ ಒಂದ್ಕಡೆನೇ ಬೇಯೋದು" ಅಂದ್ಲು. ನಾಲ್ಕು ವರ್ಷ ಬಿ.ಇ. ಓದಿದ್ದಕ್ಕೆ ಅಷ್ಟು ಸಾಕಿತ್ತು :)

ಪ್ಯಾಡನ್ನ ಜಾಗಕ್ಕೆ ಕೂರಿಸಿ, ಎರಡೂ ಕಡೆ ಒರೆಸಿ ಹೊಸ ಪೇಸ್ಟ್ ಹಾಕಿದೆ. ಈ ಸಲ ಸ್ಕ್ರೂಗಳ ಪಕ್ಕ ಅಚ್ಚಾಗಿದ್ದ 1, 2, 3, 4ರ ಕ್ರಮದಲ್ಲೇ ಸ್ವಲ್ಪಸ್ವಲ್ಪ ಬಿಗಿ ಮಾಡಿದೆ. ಸುಮ್ಮನಿದ್ದಾಗ 46. ಅರ್ಧ ಗಂಟೆ ಕಂಪೈಲ್ ಓಡಿಸಿದ್ರೂ 79 ದಾಟಲಿಲ್ಲ.

ಸಂಜೆ ಅಪ್ಪ ತೋಟದಿಂದ ಬಂದವರು ಲ್ಯಾಪ್‌ಟಾಪ್ ಹಿಂಭಾಗಕ್ಕೆ ಅಂಗೈ ಇಟ್ಟು ನೋಡಿದ್ರು, ಮಕ್ಕಳ ಹಣೆ ಮುಟ್ಟಿ ನೋಡೋ ಹಾಗೆ. ಏನೂ ಅನ್ನಲಿಲ್ಲ. ಅಟ್ಟ ಹತ್ತಿ ಒಂದು ಹಳೇ ಹಲಸಿನ ಮಣೆ ಇಳಿಸಿ, ಒರೆಸಿ ತಂಗಿ ಕೈಗೆ ಕೊಟ್ಟು, "ಇನ್ಮೇಲೆ ಇದ್ರ ಮೇಲಿಡು, ಹಾಸಿಗೆ ಮೇಲಲ್ಲ" ಅಂದ್ರು.

ಡೆಮೋ ಮುಗೀತು. ಆದ್ರೂ ತಂಗಿ ರಾತ್ರಿ ಮಲಗೋ ಮುಂಚೆ ನನಗೊಂದು ಮೆಸೇಜ್ ಹಾಕ್ತಾಳೆ. ನಿನ್ನೆಯದು: "ಅಣ್ಣಾ, ಇವತ್ತು 71."