ಪರದೆಯ ಪಂದ್ಯಕ್ಕೊಂದು ನ್ಯಾಯ

ಕಾಲೇಜಿನ ಹುಡುಗರು ಸೇರಿ ಒಂದು ಕ್ರಿಕೆಟ್ ಪಂದ್ಯಾವಳಿ ನಡೆಸುವುದಾದರೆ ನಿಯಮಗಳ ಬಗ್ಗೆ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಎಷ್ಟು ಓವರು, ಟೆನಿಸ್ ಚೆಂಡೋ ಲೆದರ್ ಚೆಂಡೋ, ಮಧ್ಯಾಹ್ನದ ಊಟದ ಖರ್ಚು ಯಾರದು, ಇಷ್ಟು ತೀರ್ಮಾನವಾದರೆ ಸಾಕು. ಉಳಿದದ್ದನ್ನೆಲ್ಲ ತಲೆಮಾರುಗಳಿಂದ ಬೇರೆಯವರು ಯೋಚಿಸಿಟ್ಟಿದ್ದಾರೆ. ಅದೇ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು, ಐವರ ತಂಡಕ್ಕೆ ಐವರ ತಂಡ ಎದುರಾಗುವ ಪಂದ್ಯಾವಳಿಗೆ ಕೈಹಾಕಿದರೆ ಎರಡನೆಯ ದಿನಕ್ಕೇ ಜಗಳ ಶುರುವಾಗುತ್ತದೆ. ಕೋಣೆಯ ಹೊರಗಿರುವ ಅಪ್ಪ ಅಮ್ಮನಿಗೆ ಕೇಳಿಸುವುದು ಬರೀ ಕೂಗಾಟ. ಸ್ವಲ್ಪ ಕಿವಿಗೊಟ್ಟರೆ ಅದರಲ್ಲಿ ಅರ್ಧಪಾಲು ನಿಯಮದ ವಾದವೇ ಎಂದು ತಿಳಿಯುತ್ತದೆ.

‘ಕೌಂಟರ್-ಸ್ಟ್ರೈಕ್’ ಆಟವನ್ನೇ ನೋಡಬಹುದು. 1999ರಲ್ಲಿ ‘ಹಾಫ್-ಲೈಫ್’ ಎಂಬ ಇನ್ನೊಂದು ಆಟಕ್ಕೆ ಇಬ್ಬರು ತರುಣರು ಮಾಡಿದ ಮಾರ್ಪಾಟಾಗಿ ಹುಟ್ಟಿದ ಆಟ ಇದು. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ಅದನ್ನು ತಡೆಯಬೇಕು. ತೊಡಕು ಇರುವುದು ಆಡುವ ಅಂಕಣದಲ್ಲಿ. ಕೆಲವು ಅಂಕಣ ತಡೆಯುವವರಿಗೆ ಅನುಕೂಲ, ಕೆಲವು ಮುನ್ನುಗ್ಗುವವರಿಗೆ. ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಖೋ-ಖೋದಲ್ಲಿ ಇರುವಂಥದ್ದೇ: ಅಟ್ಟುವವರು ಓಡಬೇಕು, ಓಡಿದವರು ಅಟ್ಟಬೇಕು. ಮೊದಲು 15 ಸುತ್ತಿಗೊಮ್ಮೆ ಪಕ್ಷ ಬದಲಾಗಿ, 16 ಗೆದ್ದವರು ಗೆದ್ದಂತೆ ಎಂದಿತ್ತು. 2023ರ ಹೊಸ ಆವೃತ್ತಿಯಲ್ಲಿ ಇದು 12 ಮತ್ತು 13ಕ್ಕೆ ಇಳಿಯಿತು. ಇನ್ನು ಅಂಕಣವನ್ನು ಆರಿಸುವವರು ಯಾರು? ದೊಡ್ಡ ಪಂದ್ಯಾವಳಿಗಳಲ್ಲಿ ಏಳು ಅಂಕಣಗಳ ಪಟ್ಟಿಯಿಂದ ಎರಡೂ ತಂಡಗಳು ಸರದಿಯಂತೆ ತಮಗೆ ಬೇಡವಾದದ್ದನ್ನು ತೆಗೆದುಹಾಕುತ್ತವೆ, ಬೇಕಾದದ್ದನ್ನು ಆರಿಸುತ್ತವೆ. ಒಂದು ತಂಡ ಅಂಕಣ ಆರಿಸಿದರೆ, ಮೊದಲು ಯಾವ ಪಕ್ಷ ಎಂಬುದು ಎದುರಾಳಿಯ ಆಯ್ಕೆ. ಮನೆಯಲ್ಲಿ ಅಣ್ಣ ಹೋಳಿಗೆ ಮುರಿದರೆ ತಮ್ಮ ಮೊದಲು ಎತ್ತಿಕೊಳ್ಳಲಿ ಎನ್ನುವ ತಾಯಿಯ ತೀರ್ಪಿಗೂ ಇದಕ್ಕೂ ಬಹಳ ದೂರವಿಲ್ಲ.

ದೂರದ ಮಾತು ಬಂತು. ಮೈದಾನದ ಆಟಕ್ಕಿಲ್ಲದ ಒಂದು ಸಮಸ್ಯೆ ಈ ಆಟಕ್ಕಿದೆ. ಆಟಗಾರ ಗುಂಡಿ ಒತ್ತಿದ ಸುದ್ದಿ ಸರ್ವರ್ ಎಂಬ ಯಂತ್ರಕ್ಕೆ ಹೋಗಿ ಉತ್ತರ ಹಿಂದಿರುಗಬೇಕು. ಆಟಗಾರರು ಇದನ್ನು ‘ಪಿಂಗ್’ ಎನ್ನುತ್ತಾರೆ. ಗಾಜಿನ ಎಳೆಯೊಳಗೆ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಸಿಂಗಪುರ ನೇರ ಹಾದಿಯಲ್ಲಿ ಸುಮಾರು 3,200 ಕಿಲೋಮೀಟರ್. ಹೋಗಿ ಬರಲು ಬೆಳಕಿಗೇ ಸೆಕೆಂಡಿನ ಸಾವಿರದಲ್ಲಿ 32 ಪಾಲು ಬೇಕು. ಕೇಬಲ್ಲು ಕಾಗೆ ಹಾರಿದಂತೆ ನೇರ ಹೋಗುವುದಿಲ್ಲವಾದ್ದರಿಂದ ನಿಜವಾದ ಲೆಕ್ಕ ಇನ್ನೂ ಹೆಚ್ಚು. ಸರ್ವರ್ ಸಿಂಗಪುರದಲ್ಲಿದ್ದು ಒಂದು ತಂಡ ಅಲ್ಲಿಯದೇ ಆಗಿದ್ದರೆ, ಇಲ್ಲಿನ ಹುಡುಗ ಎಷ್ಟೇ ಚುರುಕಾಗಿದ್ದರೂ ಆ ಅಂತರ ಅವನ ಕೈಯಲ್ಲಿಲ್ಲ. ಆಟದ ತಂತ್ರಾಂಶ ಒಂದಿಷ್ಟು ಸರಿದೂಗಿಸುತ್ತದೆ, ಪೂರ್ತಿ ಅಲ್ಲ. ಎರಡೂ ತಂಡಗಳಿಗೆ ಹೆಚ್ಚುಕಡಿಮೆ ಸಮದೂರದ ಸರ್ವರ್ ಆರಿಸುವುದು, ಅದಾಗದಿದ್ದರೆ ಒಂದು ಪಂದ್ಯ ಇಲ್ಲಿ ಒಂದು ಅಲ್ಲಿ ಎಂದು ಹಂಚುವುದು, ಫೈನಲ್ಲನ್ನಾದರೂ ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಆಡಿಸುವುದು, ಇವಿಷ್ಟೇ ದಾರಿ. ನಮ್ಮಲ್ಲಾದರೆ ಇನ್ನೊಂದನ್ನೂ ಬರೆದಿಡಬೇಕು: ನಡುವೆ ಕರೆಂಟು ಹೋದರೆ ಎಷ್ಟು ನಿಮಿಷ ಕಾಯುವುದು, ಸುತ್ತನ್ನು ಮತ್ತೆ ಆಡಿಸುವುದೋ ಬಿಡುವುದೋ. ಕರೆಂಟು ಹೋದ ಮೇಲೆ ಇದನ್ನು ಚರ್ಚಿಸಲು ಕುಳಿತರೆ, ಗೆಲ್ಲುತ್ತಿರುವವರದೊಂದು ಧರ್ಮ, ಸೋಲುತ್ತಿರುವವರದೊಂದು ಧರ್ಮ.

ನಿಯಮ ಬರೆಯುವವರು ಹೆಚ್ಚಾಗಿ ಎಡವುವುದು ಮಾತ್ರ ಇನ್ನೂ ಸರಳವಾದ ಜಾಗದಲ್ಲಿ, ಗುಂಪು ಹಂತದಿಂದ ನಾಕೌಟಿಗೆ ದಾಟುವ ಹೊಸ್ತಿಲಲ್ಲಿ. ಇದಕ್ಕೆ ಕಂಪ್ಯೂಟರೇ ಬೇಕಿಲ್ಲ, 2012ರ ಲಂಡನ್ ಒಲಿಂಪಿಕ್ಸ್ ಸಾಕು. ಮಹಿಳೆಯರ ಡಬಲ್ಸ್ ಬ್ಯಾಡ್ಮಿಂಟನ್‌ನಲ್ಲಿ ಆ ಬಾರಿ ಗುಂಪು ಹಂತ ಇಟ್ಟಿದ್ದರು. ಈಗಾಗಲೇ ಮುಂದಿನ ಹಂತ ಸೇರಿದ್ದ ಜೋಡಿಗಳಿಗೆ ಕೊನೆಯ ಪಂದ್ಯ ಸೋತರೆ ಅನುಕೂಲವಾದ ಎದುರಾಳಿ ಸಿಗುವಂತಿತ್ತು. ಚೀನಾದ ಒಂದು ಜೋಡಿ ಮತ್ತು ಕೊರಿಯಾದ ಒಂದು ಜೋಡಿ ಪರಸ್ಪರ ಸೋಲಲು ಪೈಪೋಟಿ ನಡೆಸಿದವು. ಶಟಲ್ಲನ್ನು ಬೇಕೆಂದೇ ಬಲೆಗೆ ಹೊಡೆದವು, ಪ್ರೇಕ್ಷಕರು ಛೀಮಾರಿ ಹಾಕಿದರು. ಇಂಥ ಇನ್ನೊಂದು ಪಂದ್ಯವೂ ಸೇರಿ ನಾಲ್ಕು ಜೋಡಿಗಳು, ಎಂಟು ಆಟಗಾರ್ತಿಯರು ಅನರ್ಹರಾದರು. ಅದೇ ಸ್ಪರ್ಧೆಯಲ್ಲಿ ಬೆಂಗಳೂರಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಜೋಡಿ ಮೂರರಲ್ಲಿ ಎರಡು ಪಂದ್ಯ ಗೆದ್ದೂ ಕ್ವಾರ್ಟರ್ ಫೈನಲ್ ತಪ್ಪಿಸಿಕೊಂಡಿತು, ಒಂದೇ ಒಂದು ಪಾಯಿಂಟಿನ ಲೆಕ್ಕದಲ್ಲಿ. ಎಂಟು ಮಂದಿಗೆ ಶಿಕ್ಷೆಯಾದದ್ದು ಸರಿಯೇ. ಆದರೆ ಸೋತವನಿಗೆ ಲಾಭ ಬರುವಂತೆ ವೇಳಾಪಟ್ಟಿ ಬರೆದವರ ಮಾತೇನು? ಮುಂದೆ ಬ್ಯಾಡ್ಮಿಂಟನ್ ಸಂಸ್ಥೆ, ಗುಂಪಿನಲ್ಲಿ ಎರಡನೆಯವರಾದವರ ಎದುರಾಳಿಯನ್ನು ಹೊಸದಾಗಿ ಚೀಟಿ ಎತ್ತಿ ನಿರ್ಧರಿಸುವ ಪದ್ಧತಿ ತಂದಿತು. ಕೌಂಟರ್-ಸ್ಟ್ರೈಕ್‌ನ ದೊಡ್ಡ ಪಂದ್ಯಾವಳಿಗಳು ಚದುರಂಗದಿಂದ ಸ್ವಿಸ್ ಪದ್ಧತಿಯನ್ನು ಎರವಲು ಪಡೆದಿವೆ. 1895ರಲ್ಲಿ ಜೂರಿಕ್ ನಗರದಲ್ಲಿ ಮೊದಲು ಬಳಕೆಯಾದ ಕ್ರಮ ಅದು. ಪ್ರತಿ ಸುತ್ತಿನಲ್ಲೂ ಸಮಾನ ಗೆಲುವು ಸೋಲಿನವರು ಎದುರಾಗುತ್ತಾರೆ. ಮೂರು ಗೆದ್ದವರು ಮುಂದಕ್ಕೆ, ಮೂರು ಸೋತವರು ಮನೆಗೆ. ಹಾಗಾಗಿ ಬೇಕೆಂದೇ ಸೋಲುವವನಿಗೆ ಲಾಭ ಕಾಣುವುದು ಕಷ್ಟ.

ಇನ್ನು ಮೋಸದ ವಿಷಯ. 2018ರ ಅಕ್ಟೋಬರಿನಲ್ಲಿ ಶಾಂಘಾಯಿಯಲ್ಲಿ ಏಷ್ಯಾ ಮಟ್ಟದ ಕೌಂಟರ್-ಸ್ಟ್ರೈಕ್ ಪಂದ್ಯಾವಳಿ ನಡೆದಿತ್ತು. ‘ಆಪ್ಟಿಕ್ ಇಂಡಿಯಾ’ ಎಂಬ ಭಾರತದ ತಂಡ ವಿಯೆಟ್ನಾಮಿನ ತಂಡದೊಂದಿಗೆ ಆಡುತ್ತಿದ್ದಾಗ ಒಬ್ಬ ಆಟಗಾರನ ಗುರಿ ಅನುಮಾನ ಹುಟ್ಟಿಸಿತು. ಪಂದ್ಯ ನಿಲ್ಲಿಸಿ ಕಂಪ್ಯೂಟರ್ ನೋಡಲು ಬಂದ ಅಧಿಕಾರಿಯ ಎದುರೇ ಅವನು ಕಡತ ಅಳಿಸಲು ಹೋದ. ಗುರಿ ಹಿಡಿಯಲು ನೆರವಾಗುವ ತಂತ್ರಾಂಶ ‘ವರ್ಡ್’ ಎಂಬ ಅಮಾಯಕ ಹೆಸರಿನಲ್ಲಿ ಅಡಗಿತ್ತು. ತಂಡ ಅಲ್ಲೇ ಅನರ್ಹವಾಯಿತು, ಅನಂತರ ಸಂಸ್ಥೆ ತಂಡವನ್ನೇ ಮುಚ್ಚಿತು. ಅವನಿಗೆ ಐದು ವರ್ಷ ನಿಷೇಧ ಬಿತ್ತು.

ಉಳಿದ ನಾಲ್ವರು ಏನು ತಪ್ಪು ಮಾಡಿದ್ದರು? ಆಟಕ್ಕೆಂದು ಓದು, ಕೆಲಸ ಬದಿಗಿಟ್ಟು ತಂದೆತಾಯಿಯನ್ನು ಒಪ್ಪಿಸಿ ಬಂದ ಹುಡುಗರಿಗೆ ಈ ಪ್ರಶ್ನೆ ಸಣ್ಣದಲ್ಲ. ಪಂದ್ಯದ ಮಟ್ಟಿಗೆ ತಂಡಕ್ಕೇ ಶಿಕ್ಷೆ ಅನಿವಾರ್ಯ, ಏಕೆಂದರೆ ಅವನು ಕದ್ದ ಗೆಲುವು ಐವರ ಖಾತೆಗೂ ಸೇರುತ್ತದೆ. ನಿಷೇಧ ಮಾತ್ರ ತಪ್ಪು ಮಾಡಿದವನಿಗಷ್ಟೇ ಇರಬೇಕು, ಉಳಿದವರು ಮರುದಿನವೇ ಬೇರೆ ತಂಡಕ್ಕೆ ಆಡುವಂತಿರಬೇಕು, ಮತ್ತು ಇದು ಬರಹದಲ್ಲಿರಬೇಕು. 2020ರಲ್ಲಿ ಆಟದೊಳಗಿನ ಒಂದು ದೋಷವನ್ನು ಬಳಸಿ ಎದುರಾಳಿಗಳನ್ನು ಕದ್ದು ನೋಡಿದ್ದಕ್ಕಾಗಿ 37 ತರಬೇತುದಾರರಿಗೆ ನಿಷೇಧ ವಿಧಿಸಿದಾಗ, ತಾವಾಗಿ ಬಂದು ಒಪ್ಪಿಕೊಂಡವರಿಗೆ ಅವಧಿ ಕಡಿಮೆ ಮಾಡಲಾಯಿತು. ಕಾಲೇಜಿನ ಪಂದ್ಯಾವಳಿಗೂ ಈ ಅಂಶ ಒಗ್ಗುತ್ತದೆ. ಅದರ ಜೊತೆಗೆ ದೂರು ಕೊಡಲು ಒಂದು ಗಡುವು, ಪಂದ್ಯದ ದಾಖಲೆಯನ್ನು ಇಟ್ಟುಕೊಳ್ಳುವ ಹೊಣೆ, ತಾನೇ ಆಡುತ್ತಿರುವ ತಂಡದ ದೂರನ್ನು ತೀರ್ಮಾನಿಸದ ಒಬ್ಬ ಹಿರಿಯ. ಇಂಥ ಹಿರಿಯರು ಸಿಗದಿದ್ದರೆ ಪಕ್ಕದ ಕಾಲೇಜಿನ ವಿದ್ಯಾರ್ಥಿಯೂ ಆದೀತು. ಆ ಕಾಲೇಜಿನ ತಂಡ ಕಣದಲ್ಲಿ ಇಲ್ಲವೆಂದು ಮೊದಲು ನೋಡಿಕೊಂಡರಾಯಿತು.